ಹೆಸರು ಕೇಳದ ಮಲ್ಲಕ್ಕ

ಎದುರಿಗೆ ಬಂದು ಕುಳಿತವರ ಹೆಸರನ್ನು ಮಲ್ಲಕ್ಕ ಎಂದೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತರೂ ಸಾಕು, ಯಾವೂರು, ಯಾರ ಪೈಕಿ, ಹೊಲ ಎಷ್ಟು ಎಂದು ಮೂರು ಪ್ರಶ್ನೆ ಬಂದೇ ಬರುತ್ತವೆ. ಅಂಥ ಸೀಮೆಯಲ್ಲಿ ಇವಳು "ಬಾರವ್ವ, ಉಂಡಿಯೇನ?" ಎನ್ನುವಳು, ಅಷ್ಟೆ. ನನಗೆ ಮೊದಲ ಅನುಮಾನ ಬಂದದ್ದು ಇದರಿಂದಲೇ.

ಅನುಮಾನ ನನ್ನ ಹುಟ್ಟುಗುಣ. ಇಪ್ಪತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಹೊಟ್ಟೆನೋವೆಂದು ರಜೆ ಕೇಳುವ ಮಗು ಹುಣಸೆಕಾಯಿ ತಿಂದಿದೆಯೋ, ಮನೆಗೆಲಸ ಬರೆದಿಲ್ಲವೋ ಮುಖ ನೋಡಿಯೇ ಹೇಳಬಲ್ಲೆ. ಆಗ ನಮ್ಮ ಯಜಮಾನರು ಕಾಲುವೆ ತೋಡುವ ಕ್ಯಾಂಪಿನಲ್ಲಿ ಗುಮಾಸ್ತರು. ಸುರಪುರದ ರಂಗಂಪೇಟೆಯ ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ಮುಂದಿನ ಕೋಣೆ ಖಾಲಿ ಇತ್ತು. ಮಲ್ಲಕ್ಕನನ್ನು ಅವರೇ ಕಳಿಸಿದ್ದರು. ಕ್ಯಾಂಪಿನಲ್ಲಿ ಕೂಲಿಯವರಿಗೆ ಅಡುಗೆ ಮಾಡುತ್ತಿದ್ದಳು, ಕೈ ಶುದ್ಧ, ಬಾಯಿ ಶುದ್ಧ ಎಂದು ಚೀಟಿಯಲ್ಲಿ ಬರೆದಿದ್ದರು. ಗಂಡಾಗಿ ಹುಟ್ಟಿದವಳು ಎಂಬುದನ್ನು ಬರೆದಿರಲಿಲ್ಲ. ಆರಡಿ ದೇಹ, ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ರೊಟ್ಟಿ ಬಡಿದು ಬಡಿದು ಅಗಲವಾದ ಅಂಗೈ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಅವಳೇ ಹೇಳಿದಳು:

"ಹೌದ್ರಿ ಟೀಚರಮ್ಮ, ನೀವು ಅಂದ್ಕೊಂಡಿದ್ದು ಖರೇನ ಐತಿ. ಕೋಣಿ ಕೊಡ್ತೀರೋ ಇಲ್ಲೋ, ಅದನ್ನ ಹೇಳ್ರಿ."

ಕೊಟ್ಟೆ. ಓಣಿಯವರು 'ಅಂವ' ಎನ್ನುತ್ತಿದ್ದರು. ನಾನು ಅವನೂ ಅನ್ನದೆ, ಅವಳೂ ಅನ್ನದೆ, 'ಬಾಡಿಗೆಯವರು' ಎಂದು ಬಹಳ ದಿನ ಜಾರಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳ ಕೆಲಸ ಶುರುವಾದದ್ದು ಕ್ಯಾಂಪಿನ ಒಲೆಯ ಮುಂದೆ. ಕಾಲುವೆ ತೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಮನೆಯಿಂದ ಹೊರಹಾಕಿಸಿಕೊಂಡವರು, ಗಂಡಸನ್ನು ಮೆಚ್ಚಿ ಯಾರಿಗೂ ಹೇಳಲಾರದ ಗಂಡಸರು, ಮಲ್ಲಕ್ಕನಂತೆಯೇ ಸೀರೆ ಉಡುವ ಆಸೆಯಿದ್ದವರು ಅವಳ ಹತ್ತಿರ ಕೂತು ಎದೆ ಹಗುರ ಮಾಡಿಕೊಂಡು ಹೋಗುತ್ತಿದ್ದರಂತೆ. ಕ್ಯಾಂಪು ಮುಂದಕ್ಕೆ ಸರಿದ ಮೇಲೆ ಇವಳು ಅಂಥವರನ್ನು ಹುಡುಕಿಕೊಂಡು ಬಸ್ಸು ಹತ್ತಿದಳು. ಸೋಮವಾರ ಶಹಾಪುರ, ಗುರುವಾರ ಯಾದಗಿರಿ. ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಇನ್ನೊಬ್ಬರ ಮನೆಗೆ ಜೋಳದ ಚೀಲ ಮುಟ್ಟಿಸುವುದು, ಹೆತ್ತವರೇ ಒಲ್ಲೆವೆಂದ ಹೆಣಕ್ಕೆ ಮಣ್ಣು ಕೊಡುವುದು. ಶನಿವಾರ ಎಲ್ಲರೂ ನನ್ನ ಮುಂದಿನ ಕೋಣೆಗೆ ಬರುತ್ತಿದ್ದರು. ಅದನ್ನು ಸಂಘ ಎನ್ನುತ್ತಿದ್ದಳು. ಬೋರ್ಡಿಲ್ಲ, ಪಟ್ಟಿಯಿಲ್ಲ, ಅಧ್ಯಕ್ಷರಿಲ್ಲ.

ಒಮ್ಮೆ ದೊಡ್ಡ ಊರಿನಿಂದ ದಾನಿಯೊಬ್ಬರು ಕಾರಿನಲ್ಲಿ ಬಂದರು. ಹತ್ತು ಹೊಲಿಗೆ ಮಷಿನ್ ಕೊಡುತ್ತೇನೆ, ಎಲ್ಲರೂ ಬ್ಯಾನರಿನ ಕೆಳಗೆ ನಿಂತು ಒಂದು ಫೋಟೋ ಆಗಬೇಕು ಎಂದರು.

"ಮಷಿನ್ ನಮಗಂದ್ರಿ. ಫೋಟೋ ಯಾರಿಗ್ರಿ?" ಎಂದಳು ಮಲ್ಲಕ್ಕ.

"ಕೊಟ್ಟಿದ್ದಕ್ಕೆ ಸಾಕ್ಷಿ ಬೇಕಲ್ಲಮ್ಮ."

"ಹಂಗಾದ್ರ ಮಷಿನ್ದು ತಕ್ಕೊಳ್ರಿ. ಅದಕ್ಕ ಊರಿಲ್ಲ, ಅಣ್ಣತಮ್ಮರಿಲ್ಲ, ನೋಡಿ ಹೊಡಿಯೋರೂ ಇಲ್ಲ."

ದಾನಿಯವರು ಮುಖ ಗಂಟು ಹಾಕಿಕೊಂಡು ಕಾರು ಹತ್ತಿದರು. ತಿಂಗಳಾದ ಮೇಲೆ ಎರಡು ಮಷಿನ್ ಬಂದವು. ತಂದವನು ಅವುಗಳ ಫೋಟೋ ತೆಗೆದುಕೊಂಡೇ ಹೋದ.

ನಾನು ಮನಸ್ಸಿನಲ್ಲೇ ದಾನಿಯ ಪಕ್ಷ ವಹಿಸಿದ್ದೆ. ನಮ್ಮಲ್ಲಿ ಮಠಕ್ಕೆ ಒಂದು ಫ್ಯಾನು ಕೊಟ್ಟರೂ ಮೂರು ರೆಕ್ಕೆಯ ಮೇಲೂ ಹೆಸರು ಬರೆಸುತ್ತಾರೆ. ನಮ್ಮಪ್ಪನ ಹೆಸರೇ ಈಗಲೂ ಒಂದು ಕಡೆ ತಿರುಗುತ್ತಿದೆ. ಹೀಗಿರುವಾಗ ಕೊಡುವವರಿಗೂ ಹೆಸರಿಲ್ಲ, ತೆಗೆದುಕೊಳ್ಳುವವರಿಗೂ ಹೆಸರಿಲ್ಲ ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದು ಖಾತ್ರಿಯಾಯಿತು. ಶಾಲೆಯಿಂದ ಒಂದು ಹಳೆಯ ಹಾಜರಿ ಪುಸ್ತಕ ತಂದೆ. ಆ ಕೋಣೆಗೂ ನಮ್ಮ ಪಡಸಾಲೆಗೂ ನಡುವಿನ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು, ಹೆಸರಿನ ಕಾಲಮ್ಮಿನಲ್ಲಿ ಗುರುತು ಬರೆದೆ: ಕುಂಟುವ ಕಂಡಕ್ಟರ್. ಪೌಡರ್ ಮುಖದವನು. ಹಸಿರು ಬಳೆ, ಕಕ್ಕೇರಾ. ಆಸ್ಪತ್ರೆಯ ಆಯಾ, ಶಹಾಪುರ. ಬಂದವರ ಮುಂದೆ ಪ್ರತಿ ಶನಿವಾರ ಒಂದು ಗೆರೆ.

ಹಸಿರು ಬಳೆಯವಳಿಗೆ ಇಪ್ಪತ್ತೆರಡು ವರ್ಷವಿದ್ದೀತು. ಅವಳೂ ಆಯಾಳೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಬೇರೆ ಕಡೆ ಎಲ್ಲಿಯೂ ಹಾಗೆ ಕೂರಲು ಅವರಿಗೆ ಜಾಗವಿರಲಿಲ್ಲ. ಮನೆಯಲ್ಲಿ ಹುಡುಗಿಗೆ ಗಂಡು ಗೊತ್ತುಮಾಡಿದ್ದರು. ಮಲ್ಲಕ್ಕ ಯಾದಗಿರಿಯಲ್ಲಿ ಹೊಲಿಗೆ ಕೆಲಸ ಹುಡುಕಿ, ಇಬ್ಬರಿಗೂ ಸೇರಿ ಒಂದು ಕೋಣೆ ಹಿಡಿಯಲು ಓಡಾಡುತ್ತಿದ್ದಳು. ಕಿಟಕಿಯಿಂದ ಇದನ್ನೆಲ್ಲ ಕೇಳಿದ್ದೆ. ಇನ್ನೆರಡು ಶನಿವಾರ ದಾಟಿದ್ದರೆ ಸಾಕಿತ್ತು.

ಬುಧವಾರ ಒಬ್ಬ ಬಂದ. ಬಿಳಿ ಧೋತರ, ಹಣೆಗೆ ವಿಭೂತಿ, ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಕಕ್ಕೇರಾದಿಂದ ಬಂದೀನ್ರಿ. ನಮ್ಮ ತಂಗಿ ಹೊಲಿಗಿ ಕಲಿಯಾಕ ಹೊಂಟೀನಂತ ಶನಿವಾರ ಶನಿವಾರ ಬರ್ತಾಳ್ರಿ. ಇಲ್ಲೇ ಏನ್ರಿ?"

ಇಷ್ಟು ದಿನ ನಾನು ನೋಡಿದ್ದನ್ನು ಒಬ್ಬರಾದರೂ ಕೇಳಿದರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಪುಸ್ತಕ ತಂದು ತೆರೆದೆ. ಏಳು ಗೆರೆ ಎಣಿಸಿ ತೋರಿಸಿದೆ. ಶಹಾಪುರದ ಆಯಾಳ ಜೊತೆ ಕೂರುತ್ತಾಳೆ ಎಂದೂ ಹೇಳಿದೆ. ಅವನು ಮತ್ತೊಮ್ಮೆ ಕಾಲು ಮುಟ್ಟಿ ಹೋದ.

ಶನಿವಾರ ಮಧ್ಯಾಹ್ನ ಜೀಪು ಬಂತು. ಮೂವರು ಇಳಿದು ಹುಡುಗಿಯ ರೆಟ್ಟೆ ಹಿಡಿದರು. "ಆ ಆಯಾ ಯಾವಾಕಿ? ತೋರ್ಸು" ಎಂದು ಅಣ್ಣ ಕೆನ್ನೆಗೆ ಬಾರಿಸಿದ. ಮಲ್ಲಕ್ಕ ನಡುವೆ ಹೋದಳು, ಅವಳನ್ನೂ ದಬ್ಬಿದರು. ಓಣಿಯೆಲ್ಲ ನಿಂತು ನೋಡಿತು. ಆಯಾ ಕೋಣೆಯಲ್ಲಿ ಉಳಿದವರ ನಡುವೆ ಕಲ್ಲಾಗಿ ನಿಂತಿದ್ದಳು. ಹುಡುಗಿ ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗಿದರೆ ಗುರುತು ಸಿಕ್ಕಿಬಿಡುತ್ತಿತ್ತು. ತಲೆ ತಗ್ಗಿಸಿಕೊಂಡೇ ಜೀಪು ಹತ್ತಿದಳು. ವಾರದೊಳಗೆ ಅವಳ ಮದುವೆ ಮಾಡಿ ಮುಗಿಸಿದರು.

ಮಲ್ಲಕ್ಕ ಕೋಣೆ ಖಾಲಿ ಮಾಡಿದ ದಿನ ಕೀಲಿ ಕೊಡಲು ಒಳಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ನೀವು ಬರಿಯಾಕತ್ತೀರಿ ಅಂತ ನನಗ ಮೊದಲಿಂದ ಗೊತ್ತಿತ್ರಿ. ಕಿಟಕ್ಯಾಗ ನಿಮ್ಮ ಕೈಬಳಿ ಸಪ್ಪಳ ಕೇಳ್ತಿತ್ತು. ಪೊಲೀಸರ್ನ ನಂಬಲಿಲ್ಲ, ಕಾರಿನ್ಯಾಗ ಬಂದೋರ್ನ ನಂಬಲಿಲ್ಲ. ಟೀಚರಮ್ಮ ಅದಾರ, ಬರದ್ರ ಬರೀಲಿ ಅಂದ್ಕೊಂಡ್ನಿ. ತಪ್ಪು ನಂದೈತ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಪುಸ್ತಕವನ್ನು ಅಂದೇ ಒಲೆಗೆ ಹಾಕಿದೆ. ಅದರಿಂದ ಯಾರಿಗೇನು ಬಂತು?

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಯಾದಗಿರಿ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಅದೇ ಕೊನೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹೆಗಲ ಮೇಲೆ ಕಂಬಳಿಗಳ ಗಂಟು. ಓಡಿಹೋಗಿ ಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ. "ಆರಾಮದೀರೇನ್ರಿ ಟೀಚರಮ್ಮ? ಸಾಹೇಬ್ರು ಹ್ಯಾಂಗದಾರ?" ಎಂದಳು. ಮುಂದಿನ ಕೋಣೆ ಖಾಲಿಯೇ ಇದೆ, ಬಾಡಿಗೆ ಬೇಡ, ಎಲ್ಲರನ್ನೂ ಕರೆದುಕೊಂಡು ಬಾ ಎಂದೆ. "ಇರ್ಲಿ ಬಿಡ್ರಿ" ಎಂದಳು. ಆಮೇಲೆ ನಾನು ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ.

"ಆ ಕಕ್ಕೇರಾದ ಹುಡುಗಿ, ಮಲ್ಲಕ್ಕ?"

"ಗಂಡನ ಮನಿ ಬಿಟ್ಟು ಬಂದಾಳ್ರಿ. ಚೊಲೋ ಅದಾಳ. ಇಬ್ರೂ ಕೂಡೇ ಅದಾರ."

ನಿಂತಲ್ಲೇ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲಿ ಅದಾರ ಈಗ?" ಎಂದೆ.

ಮಲ್ಲಕ್ಕ ನನ್ನ ಮುಖವನ್ನೇ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ನಿಮ್ಮ ಸುರಪುರದ ಬಸ್ ಬಂತ್ ನೋಡ್ರಿ," ಎಂದಳು.

ಹತ್ತಿ ಕಿಟಕಿಯ ಪಕ್ಕ ಕುಳಿತೆ. ಬಸ್ ಹೊರಡಲು ಹತ್ತು ನಿಮಿಷವಾಯಿತು. ಅಷ್ಟು ಹೊತ್ತೂ ಅವಳು ಆ ಗಂಟು ಹೊತ್ತುಕೊಂಡು ಸುಡುಬಿಸಿಲಿನಲ್ಲಿ ನಿಂತೇ ಇದ್ದಳು, ಯಾವ ಕಡೆ ಹೋಗುತ್ತಾಳೆಂದು ನಾನು ನೋಡಬಾರದೆಂದು.