ಮೆರೂನ್ ಟಾವೆಲ್ಲಿನ ಬಿಳಿ ಕಲೆಗಳು

ಮೊನ್ನೆ ಅಕ್ಕನ ಮಗಳು ಸ್ನೇಹಾ ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ಹದಿನಾರರ ಹುಡುಗಿ. ಅವಳು ಸ್ನಾನ ಮುಗಿಸಿ ಬಾಗಿಲು ತೆರೆದಾಗ ಸಾಬೂನಿನ ಘಮದ ಜೊತೆಗೆ ಇನ್ನೊಂದು ವಾಸನೆ ಬಂತು. ಔಷಧದ ಅಂಗಡಿಯ ಮುಂದೆ ನಿಂತಾಗ ಮೂಗಿಗೆ ತಾಗುವಂಥ ಒಣ ವಾಸನೆ. ಇಷ್ಟು ವರ್ಷವಾದರೂ ಮೂಗು ಅದನ್ನು ಮರೆತಿರಲಿಲ್ಲ. “ಮಾರಿಗೆ ಏನ್ ಹಚ್ಚಿದಿ?” ಎಂದೆ. “ಏನಿಲ್ಲ ಮೌಶಿ” ಎಂದು ಕೈ ಹಿಂದಕ್ಕೆ ಮಾಡಿದಳು. ನಾನು ಅವಳ ಮುಖ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ, ಹೆಗಲ ಮೇಲಿದ್ದ ನೀಲಿ ಟಾವೆಲ್ ನೋಡಿದೆ. ಅದರ ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಎರಡು ಬಿಳಿ ಕಲೆಗಳಿದ್ದವು. ಅವತ್ತೇ ಸಂಜೆ ಪೇಟೆಗೆ ಹೋಗಿ ಎರಡು ಬಿಳಿ ಟಾವೆಲ್ ತಂದು ಅವಳ ಕೈಗಿಟ್ಟೆ. “ಯಾಕ?” ಎಂದಳು. ಹೇಳಹೊರಟರೆ ಉತ್ತರ ಬಹಳ ಉದ್ದವಿತ್ತು.

ಸೊಲ್ಲಾಪುರದ ಹಳೇ ಪೇಟೆಯ ಓಣಿಯಲ್ಲಿ ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಅಜ್ಜನದು ಟಾವೆಲ್ಲಿನ ಸಗಟು ವ್ಯಾಪಾರ. ಮೆಟ್ಟಿಲು ಹತ್ತುವಾಗಲೇ ಹೊಸ ಅರಿವೆಯ ಗಂಜಿಯ ವಾಸನೆ, ಅದರ ಹಿಂದೆ ಶೇಂಗಾ ಹುರಿಯುವ ವಾಸನೆ, ದೂರದ ಮಗ್ಗಗಳ ಖಟಖಟ. ಆ ಸದ್ದು ನಿಂತರೆ ಆಯಿಗೆ, ಅಂದರೆ ಅಜ್ಜನ ಹೆಂಡತಿಗೆ, ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಇಂಥ ತುಂಬಿದ ಮನೆಯನ್ನು ಕಳೆದುಕೊಂಡವರು ನಿಮ್ಮಲ್ಲೂ ಇರಬಹುದು. ನೆನಪಾದಾಗ ಎಲ್ಲವೂ ಸಿಹಿಯಾಗಿಯೇ ಬರುತ್ತದೆ. ನನಗೆ ಆ ಸಿಹಿಯ ಮೇಲೆ ಸಂಶಯ. ನಮ್ಮ ಮನೆಯಲ್ಲಿ ಪ್ರೀತಿ ಎಷ್ಟಿತ್ತೋ ಅನುಮಾನವೂ ಅಷ್ಟೇ ಇತ್ತು. ಹಾಲಿನವನ ಮೇಲೆ, ಅರಿವೆ ಒಗೆಯುವವಳ ಮೇಲೆ, ಕಾಲೇಜಿನಿಂದ ಹತ್ತು ನಿಮಿಷ ತಡವಾಗಿ ಬಂದ ನನ್ನ ಮೇಲೆ. ಅಜ್ಜನಂತೂ ತನ್ನ ಸರಕನ್ನೇ ನಂಬುತ್ತಿರಲಿಲ್ಲ. ಹೊಸ ಗಂಟು ಬಂದರೆ ಅದರಿಂದ ಒಂದು ಟಾವೆಲ್ ಮೊದಲು ಮನೆಗೆ ಬರಬೇಕು, ತಿಂಗಳೊಪ್ಪತ್ತು ನಾವೆಲ್ಲ ಅದರಲ್ಲಿ ಮೈ ಒರೆಸಬೇಕು, ಅದು ಒಗೆತ ತಿನ್ನಬೇಕು, ಆಮೇಲೆ ಒಂದು ಮುಂಜಾನೆ ಅಜ್ಜ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ ಹೂಂ ಅನ್ನಬೇಕು. ಆಗಲೇ ಆ ಗಂಟು ಮಾರಾಟಕ್ಕೆ ಹೋಗುತ್ತಿತ್ತು. ಬಚ್ಚಲಿನ ತಂತಿಯ ಮೇಲೆ ಸದಾ ನಾಲ್ಕೈದು ಬಣ್ಣದ ಟಾವೆಲ್‌ಗಳು ಜೋಲುತ್ತಿದ್ದವು. ಯಾರದು ಯಾವುದು ಎಂಬ ಭೇದವೇ ಇರಲಿಲ್ಲ.

ಆ ಟಾವೆಲ್‌ಗಳ ನೂಲಿಗೆ ಬಣ್ಣ ಹಾಕುತ್ತಿದ್ದವನು ಅಂಬಣ್ಣ ಮಾಮಾ. ಅಕ್ಕಲಕೋಟ ತಾಲೂಕಿನ ತಡವಳದವನು. ಹರೆಯದಲ್ಲೇ ಸೊಲ್ಲಾಪುರಕ್ಕೆ ಬಂದು, ತಗಡಿನ ಶೆಡ್ಡಿನಲ್ಲಿ ನಾಲ್ಕು ಹಂಡೆ ಇಟ್ಟುಕೊಂಡು, ಹೆಚ್ಚುಕಡಿಮೆ ಅಜ್ಜನೊಬ್ಬನ ಕೆಲಸವನ್ನೇ ಮಾಡುತ್ತಿದ್ದ. ಅವನ ಕೈಗಳು ಮೊಣಕೈವರೆಗೆ ಯಾವತ್ತೂ ಬರೀ ಚರ್ಮದ ಬಣ್ಣದಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ನೀಲಿಯ ಮೇಲೆ ಹಸಿರು, ಹಸಿರಿನ ಮೇಲೆ ಮೆರೂನ್, ಉಗುರಿನ ಸುತ್ತ ಕಪ್ಪು. ಚಹಾ ಕೊಡುವಾಗ ಆಯಿ ಅವನ ಕೈಯನ್ನೇ ಗುಮಾನಿಯಿಂದ ನೋಡುತ್ತಿದ್ದಳು. ಅವನು ನಗುತ್ತ ಖಾಲಿ ಬಟ್ಟಲನ್ನು ಹೊರಳಿಸಿ ತೋರಿಸುತ್ತಿದ್ದ: “ನೋಡ್ರಿ ಆಯಿ, ಬಟ್ಟಲಿಗೆ ಹತ್ತಿಲ್ಲ. ಅಂಬಣ್ಣನ ರಂಗ ಒಮ್ಮೆ ಹಿಡೀತು ಅಂದ್ರ ಇನ್ನೊಬ್ರಿಗೆ ಹತ್ತಂಗಿಲ್ಲ.” ಆ ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಹನ್ನೊಂದನೇ ತರಗತಿಗೆ ಹೋಗುವ ಹೊತ್ತಿಗೆ ನನ್ನ ಮುಖದ ತುಂಬ ಮೊಡವೆ ಎದ್ದವು. ಹಣೆಯ ಮೇಲಿನವು ಸಣ್ಣವು. ದವಡೆಯ ಕೆಳಗಿನವು ಒಳಗೇ ಗಂಟು ಕಟ್ಟಿ, ತಲೆದಿಂಬು ತಾಗಿದರೂ ನೋಯುವಂಥವು. ಮನೆಯ ಸಂಶಯಕ್ಕೆ ಹೊಸ ಕೆಲಸ ಸಿಕ್ಕಿತು. ಆಯಿ ಶೇಂಗಾ ಚಟ್ನಿಯನ್ನು ನನ್ನ ತಟ್ಟೆಯಿಂದ ತೆಗೆದಳು. ಕಾಕಾನ ಹೆಂಡತಿ ಕಾಕು ನಳದ ನೀರನ್ನು ಬೈದಳು. ಓಣಿಯ ಹೆಂಗಸರು ನಕ್ಕು “ಯಾರನ್ನೋ ಮನಸಿನ್ಯಾಗ ಇಟ್ಕೊಂಡ್ರ ಹಿಂಗ ಗುಳ್ಳಿ ಏಳ್ತಾವ” ಎಂದರು. ಅವರಿಗೆ ಅದು ಚೇಷ್ಟೆ, ಆಯಿಗೆ ಅಲ್ಲ. ಮರುದಿನದಿಂದ ನನ್ನ ಕಾಲೇಜಿನ ಚೀಲದ ತಪಾಸಣೆ ಶುರುವಾಯಿತು. ದಿನಾ ಮುಂಜಾನೆ ಕಡಲೆಹಿಟ್ಟು, ಅರಿಷಿಣ, ಕೆನೆ ಕಲಸಿ ಆಯಿ ತಾನೇ ನನ್ನ ಮುಖಕ್ಕೆ ಮೆತ್ತುತ್ತಿದ್ದಳು. ಗುಳ್ಳೆಗಳು ಇನ್ನಷ್ಟು ಕೆಂಪಾದವು. ನಾನು ಓಢಣಿಯನ್ನು ಕಣ್ಣಿನ ಕೆಳಗಿನವರೆಗೆ ಬಿಗಿದು ಕಟ್ಟಿಕೊಂಡು ಹೋಗುತ್ತಿದ್ದೆ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಕನ್ನಡಿ ಇದ್ದ ಗೋಡೆಯ ಕಡೆ ತಿರುಗುತ್ತಿರಲಿಲ್ಲ. ಹದಿನೇಳರ ವಯಸ್ಸಿನಲ್ಲಿ ಅದು ಸಣ್ಣ ದುಃಖವಾಗಿರಲಿಲ್ಲ.

ಡಾಕ್ಟರರ ಹತ್ತಿರ ಹೋಗುವ ಮಾತನ್ನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಕಾರಣ ಸುನಂದಾ ಅತ್ತೆ, ಅಪ್ಪನ ಕಿರಿಯ ತಂಗಿ. ಮೊಡವೆಗೆಂದು ಯಾರೋ ಹೇಳಿದ ಟ್ಯೂಬೊಂದನ್ನು ಅಂಗಡಿಯಿಂದ ತಾನೇ ತಂದು ಹಚ್ಚಿದವಳು. ಮೊದಲ ತಿಂಗಳು ಮುಖ ಹಾಲಿನ ಹಾಗೆ ತಿಳಿಯಾಯಿತಂತೆ, ಅದಕ್ಕೇ ವರ್ಷಗಟ್ಟಲೆ ಹಚ್ಚಿದಳು. ಬಿಟ್ಟಾಗ ಚರ್ಮ ತೆಳುವಾಗಿ, ಕೆಂಪಗೆ ಉರಿದು, ಮೊಡವೆ ಇಮ್ಮಡಿಯಾಗಿ ಬಂದವು. ಅವಳು ಬಿಸಿಲಿಗೆ ಬರುವುದನ್ನೇ ಬಿಟ್ಟಿದ್ದಳು. ಅಂದಿನಿಂದ ಆಯಿಯ ಕಾನೂನು ಒಂದೇ: “ಮಾರಿಗೆ ಟ್ಯೂಬ್ ಹಚ್ಚೋ ಹುಡುಗಿ ಈ ಮನ್ಯಾಗ ಇರಬಾರ್ದು.” ಒಳ್ಳೆಯ ಟ್ಯೂಬು, ಕೆಟ್ಟ ಟ್ಯೂಬು ಎಂಬ ವ್ಯತ್ಯಾಸ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅತ್ತೆಯ ಮುಖ ನೋಡಿದವರು ಆಯಿಯನ್ನು ತಪ್ಪು ಅನ್ನುವುದೂ ಕಷ್ಟ.

ಕೊನೆಗೆ ಅವ್ವ ಬಳೆ ಕೊಳ್ಳುವ ನೆಪ ಮಾಡಿ ನನ್ನನ್ನು ಚರ್ಮದ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದಳು. ಅವರು ಮರಾಠಿ ಬೆರೆಸಿದ ಕನ್ನಡದಲ್ಲಿ ಸಾವಕಾಶವಾಗಿ ಮಾತಾಡಿದರು. “ಘಾಬ್ರಿ ಆಗಬ್ಯಾಡ ಬಾಳಾ. ಇದು ಹೊಲಸಿನಿಂದ ಬಂದಿದ್ದಲ್ಲ, ಶೇಂಗಾದಿಂದಾನೂ ಅಲ್ಲ. ಈ ವಯಸಿನ್ಯಾಗ ಬರ್ತಾವ. ಒತ್ತಬ್ಯಾಡ, ಚಿವಟಬ್ಯಾಡ, ಕೆನಿ ಹಚ್ಚೂದು ಬಂದ್ ಮಾಡು. ಮೂರು ತಿಂಗಳು ತಾಳ್ಮಿ ಇಡು.” ಸ್ನಾನಕ್ಕೆ ಮುಂಚೆ ತೆಳ್ಳಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಲು ಒಂದು ಜೆಲ್ ಬರೆದುಕೊಟ್ಟರು. ನಾವು ಬಾಗಿಲ ತನಕ ಹೋದಾಗ “ಟಾವೆಲ್ ಮಾತ್ರ ಬಿಳೇದ ವಾಪರಸು ಹಾಂ” ಎಂದರು. ಬಿಳಿ ಟಾವೆಲ್ಲನ್ನೇ ಬಳಸು ಅಂದದ್ದನ್ನು ನಾನು ಶುಚಿಯ ಮಾತೆಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಯಾರಾದರೂ ಪರಿಚಯದವರು ನಮ್ಮನ್ನು ಅಲ್ಲಿ ನೋಡಿಯಾರು ಎಂಬ ಭಯದಲ್ಲಿ ಮೆಟ್ಟಿಲು ಇಳಿಯುವ ಅವಸರ. ಅಲ್ಲದೆ ನಮ್ಮ ಮನೆಯಲ್ಲಿ ಬಿಳಿ ಟಾವೆಲ್ ಬೇಕು ಎಂದು ಕೇಳಿದರೆ ಹತ್ತು ಪ್ರಶ್ನೆ ಏಳುತ್ತಿದ್ದವು. ಟ್ಯೂಬನ್ನು ಬಚ್ಚಲಿನ ಶೀಗೆಕಾಯಿ ಡಬ್ಬಿಯೊಳಗೆ ಹುಗಿದಿಟ್ಟೆ.

ಎರಡು ವಾರದೊಳಗೆ ತಂತಿಯ ಮೇಲಿನ ಟಾವೆಲ್‌ಗಳಲ್ಲಿ ಬಿಳಿ ಕಲೆಗಳು ಕಾಣಿಸಿಕೊಂಡವು. ಮೊದಲು ಮೆರೂನಿನಲ್ಲಿ ಮೂರು, ಆಮೇಲೆ ಹಸಿರಿನಲ್ಲಿ, ನೀಲಿಯಲ್ಲಿ. ಅಜ್ಜ ಮೊದಲು ಅರಿವೆ ಒಗೆಯುವವಳನ್ನು ಹಿಡಿದ. ಅವಳ ಸಾಬೂನು ಬದಲಿಸಿದರೂ ಕಲೆ ಬಿದ್ದವು. ಕಾಕು ನಳದ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿ ಅಂದಳು. ಅಜ್ಜ ಒಂದು ತುಂಡನ್ನು ಎರಡು ದಿನ ಆ ನೀರಲ್ಲೇ ನೆನೆಹಾಕಿದ, ಬಣ್ಣ ಮಿಸುಕಲಿಲ್ಲ. ಗೋದಾಮಿನಲ್ಲಿ ಗಂಟುಗಳು ಕಟ್ಟಿದ ಹಾಗೇ ಕೂತವು. ಉಳಿದವನು ಒಬ್ಬನೇ, ಬಣ್ಣ ಹಾಕಿದವನು. ನಿಜ ಹೇಳುತ್ತೇನೆ, ಆಗ ನಾನೂ ಮಾಮಾನನ್ನೇ ಅನುಮಾನಿಸಿದೆ. ಅಗ್ಗದ ಬಣ್ಣ ತಂದಿರಬೇಕು ಎಂದು ಅಕ್ಕನ ಎದುರು ಜಾಣತನದಿಂದ ಹೇಳಿದ್ದೂ ನೆನಪಿದೆ.

ಒಂದು ಮುಂಜಾನೆ ಅಜ್ಜ ಅವನನ್ನು ಮನೆಗೇ ಕರೆಸಿದ. ಗಾದಿಯ ಮೇಲೆ ಐದು ಟಾವೆಲ್ ಹಾಸಿದ್ದ. ನಾನು, ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು.

“ಅಂಬಣ್ಣಾ, ಇದೇನಿದು?”

ಮಾಮಾ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಕಲೆಗಳನ್ನು ಮೂಸಿದ. ಮೆರೂನಿನ ತುದಿಯನ್ನು ನೀರಲ್ಲಿ ಅದ್ದಿ ತನ್ನ ಬಿಳಿ ಅಂಗಿಗೆ ಗಸಗಸ ತಿಕ್ಕಿದ. ಅಂಗಿಗೆ ಏನೂ ಹತ್ತಲಿಲ್ಲ.

“ಸಾವಕಾರ್ರ, ನೀರಿಗೆ ಹೋಗೋ ರಂಗ ಇಡೀ ಅರಿವಿಂದ ಹೋಗ್ತದ್ರಿ. ಇದು ಠಿಪ್ಕಿ ಠಿಪ್ಕಿ ಹೋಗ್ಯಾದ. ಯಾವುದೋ ಔಷಧ ತಿಂದಾದ ಇದನ್ನ. ಮನ್ಯಾಗ ಯಾರರ ಏನರ ಹಚ್ಕೋತಾರೇನ್ರಿ?”

“ಅಂದ್ರ ತಪ್ಪು ನನ್ನ ಮನೀದು ಅಂತೀ?”

“ಹಂಗಲ್ರಿ. ಒಮ್ಮೆ ಕೇಳಿ ನೋಡ್ರಿ ಅಂದೆ.”

“ನಿನ್ನ ರಂಗದ ಸಲುವಾಗಿ ನನ್ನ ಮನಿ ಹೆಣ್ಮಕ್ಕಳನ್ನ ನಿಲ್ಲಿಸಿ ಜಬಾಬು ಕೇಳ್ಲಿ?”

‘ಔಷಧ ತಿಂದಾದ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣವೇ ಡಾಕ್ಟರಬಾಯಿ ಬಿಳಿ ಟಾವೆಲ್ ಎಂದದ್ದು ಯಾಕೆಂದು ನನಗೆ ಅರ್ಥವಾಯಿತು: ಬಣ್ಣ ತಿನ್ನುತ್ತಿದ್ದದ್ದು ನನ್ನ ಜೆಲ್. ಅವ್ವನಿಗೂ ಅರ್ಥವಾಗಿರಬೇಕು, ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. ಆ ಹಿಡಿತ ಹೇಳು ಎನ್ನುತ್ತಿತ್ತೋ ಹೇಳಬೇಡ ಎನ್ನುತ್ತಿತ್ತೋ, ಇವತ್ತಿಗೂ ನನಗೆ ಸಂಶಯ. ಎಷ್ಟೋ ವರ್ಷದ ಮೇಲೆ ಕೇಳಿದಾಗ ಅವ್ವ ನೆನಪಿಲ್ಲ ಎಂದಳು. ಅದನ್ನೂ ನಾನು ನಂಬಿಲ್ಲ. ಆದರೆ ತಪ್ಪನ್ನು ಅವ್ವನ ಕೈಗೆ ದಾಟಿಸುವುದು ನ್ಯಾಯವಲ್ಲ. ಆ ವಾರವೇ ದವಡೆಯ ಗಂಟುಗಳು ಇಳಿಯತೊಡಗಿದ್ದವು. ಹೇಳಿದರೆ ಟ್ಯೂಬು ಹೋಗುತ್ತಿತ್ತು, ಅವ್ವ ಎಲ್ಲರ ಎದುರು ಸುಳ್ಳಿ ಆಗುತ್ತಿದ್ದಳು, ನಾನು ಇನ್ನೊಬ್ಬ ಸುನಂದಾ ಅತ್ತೆ ಆಗುತ್ತಿದ್ದೆ. ಒಂದು ಕಡೆ ಮಾಮಾನ ಹೆಸರಿತ್ತು, ಇನ್ನೊಂದು ಕಡೆ ನನ್ನ ಮುಖವಿತ್ತು. ನಾನು ನನ್ನ ಮುಖವನ್ನು ಆರಿಸಿಕೊಂಡೆ. “ನಾಳಿಂದ ನಿನ್ನ ರಂಗ ಬ್ಯಾಡ” ಎಂದ ಅಜ್ಜ. ಮಾಮಾ ಕೈಮುಗಿದು ಮೆಟ್ಟಿಲು ಇಳಿದು ಹೋದ.

ಅವತ್ತೇ ಅವ್ವ ಹಳೆಯ ಬಿಳಿ ಧೋತರವೊಂದನ್ನು ಹರಿದು ನನ್ನ ಕೈಗೆ ಕೊಟ್ಟಳು. ನಾನು ಮುಖ ಅದರಲ್ಲೇ ಒರೆಸತೊಡಗಿದೆ. ಟಾವೆಲ್‌ಗಳಿಗೆ ಕಲೆ ಬೀಳುವುದು ನಿಂತಿತು. ಅಜ್ಜ ಹೊಸ ಬಣ್ಣದವನ ಟಾವೆಲ್ಲನ್ನು ಕಿಟಕಿಗೆ ಹಿಡಿದು, “ನೋಡು, ಅಂಬಣ್ಣ ಹೋದ ಮ್ಯಾಲೆ ಒಂದರ ಕಲಿ ಬಿದ್ದಾದೇನು?” ಎಂದ. ಅದೇ ಮಾತನ್ನು ಪೇಟೆಯಲ್ಲೂ ಹೇಳಿದ. ನನ್ನ ಎಚ್ಚರಿಕೆಯೇ ಮಾಮಾನ ಮೇಲಿನ ಸಾಕ್ಷಿಯಾಯಿತು. ಮೂರು ತಿಂಗಳಿಗೆ ನನ್ನ ಮುಖ ತಿಳಿಯಾಯಿತು. ಆಯಿ ತನ್ನ ಕಡಲೆಹಿಟ್ಟಿನ ಗುಣವೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು, ಚಟ್ನಿ ಮತ್ತೆ ನನ್ನ ತಟ್ಟೆಗೆ ಬಂತು. ಮಾಮಾ ಹಂಡೆ ಮಾರಿ ಊರು ಬಿಟ್ಟನೆಂದು ಯಾರೋ ಅಂದರು. ಮನೆಯಲ್ಲಿ ಯಾರೂ ಮುಂದೆ ಕೇಳಲಿಲ್ಲ.

ಆಯಿ ಹೋದಳು, ಆಮೇಲೆ ಅಜ್ಜ ಹೋದ. ಅಪ್ಪ, ಕಾಕಾ ಬೇರೆ ಬೇರೆ ಫ್ಲ್ಯಾಟು ಹಿಡಿದರು. ಓಣಿಯ ಮನೆ ಮಾರಾಟವಾಯಿತು. ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕಿನ ತಳದಲ್ಲಿ ಆ ಐದು ಟಾವೆಲ್‌ಗಳು ಸಿಕ್ಕವು. ಕೆಟ್ಟ ಸರಕನ್ನು ಅಜ್ಜ ಎಂದೂ ಇಟ್ಟುಕೊಂಡವನಲ್ಲ, ನೆಲ ಒರೆಸಲು ಕೊಟ್ಟುಬಿಡುತ್ತಿದ್ದ. ಇವನ್ನು ಮಾತ್ರ ಒಗೆಸಿ, ಇಸ್ತ್ರಿ ಮಾಡಿಸಿ, ಅರಿವೆಯಲ್ಲಿ ಕಟ್ಟಿಟ್ಟಿದ್ದ. ಅಜ್ಜನಿಗೆ ತನ್ನ ತೀರ್ಪಿನ ಮೇಲೇ ಅನುಮಾನ ಇತ್ತೇ? ಬಂದು ಕೇಳಿದ್ದರೆ ನಾನು ಹೇಳುತ್ತಿದ್ದೆನೇ? ಅದರ ಮೇಲೂ ನನಗೆ ಭರವಸೆ ಇಲ್ಲ. ಮೆರೂನ್ ಟಾವೆಲ್ಲನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಅಜ್ಜ ಹೋಗಿ ಎರಡು ವರ್ಷದ ಮೇಲೆ ಮಾಮಾ ಅಕ್ಕಲಕೋಟದಲ್ಲಿ ಮಗಳ ಹತ್ತಿರ ಇದ್ದಾನೆಂದು ತಿಳಿಯಿತು. ಮೆರೂನ್ ಟಾವೆಲ್ಲನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದು ಹೋದೆ. ಗುಡಿಯ ದಾರಿಯಲ್ಲಿ ಮಗಳ ಹೂವಿನ ಅಂಗಡಿ. ಹಿಂದೆ ಗೋಣಿತಟ್ಟಿನ ಮೇಲೆ ಕೂತು ಮಾಮಾ ಚೆಂಡುಹೂ ಪೋಣಿಸುತ್ತಿದ್ದ. ನನಗೆ ಮೊದಲು ಗುರುತು ಸಿಗಲಿಲ್ಲ. ಅವನ ಕೈಗಳು ಬೋಳಾಗಿದ್ದವು. ಮೊಣಕೈವರೆಗೂ ಒಂದು ಚುಕ್ಕೆ ಬಣ್ಣವಿಲ್ಲದೆ, ಸುಕ್ಕಾಗಿ, ತೊಳೆದಿಟ್ಟಷ್ಟು ಸ್ವಚ್ಛ. ಅವನೇ ನನ್ನನ್ನು ಗುರುತಿಸಿದ. “ಸಾವಕಾರ್ರ ಮೊಮ್ಮಗಳಲ್ಲೇನವ್ವಾ? ಮಾರಿ ಎಷ್ಟ್ ಚಂದ ಆಗ್ಯಾದ ಈಗ!”

ಆ ಮಾತಿನ ಮೇಲೆ ನಿಲ್ಲಲು ನನ್ನಿಂದ ಆಗಲಿಲ್ಲ. ಅವನ ಎದುರೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ: ಟ್ಯೂಬು, ಶೀಗೆಕಾಯಿ ಡಬ್ಬಿ, ಬಿಳಿ ಧೋತರ. ಮಾಮಾ ಸೂಜಿಯನ್ನು ಹೂವಿಗೆ ಚುಚ್ಚಿ ಹಾಗೇ ಹಿಡಿದುಕೊಂಡಿದ್ದ.

“ಅವತ್ತ ಔಷಧ ಅಂತ ಗಟ್ಟಿಯಾಗಿ ಹೇಳಿ ಬಂದಿದ್ದೆ” ಎಂದ. “ಆಮ್ಯಾಲೆ, ನಾ ಹೋದ ಮ್ಯಾಲೆ ಕಲಿ ಬೀಳೂದು ನಿಂತಾದ ಅಂತ ಪ್ಯಾಟ್ಯಾಗ ಕೇಳಿದೆ. ಸಾವಕಾರ್ರು ಸುಳ್ಳ ಹೇಳೋ ಮನುಷ್ಯಾ ಅಲ್ಲ. ಹಂಗಾದ್ರ ನನ್ನ ಕೈನ ಕೆಟ್ಟಾವ ಅಂದ್ಕೊಂಡೆ. ನೀರು ಬದಲ ಮಾಡಿ ನೋಡ್ದೆ, ರಂಗಿಗೆ ಹಾಕೋ ಉಪ್ಪು ಬದಲ ಮಾಡಿ ನೋಡ್ದೆ. ಪ್ರತಿ ನೂಲಿನ ಮ್ಯಾಲೂ ಸಂಶಯ. ಕಡೀಕ ಹಂಡೆ ಕೊಟ್ಟಬಿಟ್ಟೆ.”

ನನಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಟಾವೆಲ್ ಕೇಳಿ ತೆಗೆದುಕೊಂಡ. ಬಿಳಿ ಕಲೆಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಉಳಿದ ಮೆರೂನಿನ ಒಂದು ತುದಿಯನ್ನು ಹೂವಿನ ಬುಟ್ಟಿಯ ನೀರಲ್ಲಿ ಅದ್ದಿ, ತನ್ನ ಬಿಳಿ ಅಂಗಿಯ ಎದೆಗೆ ತಿಕ್ಕಿದ. ಬಹಳ ಹೊತ್ತು ತಿಕ್ಕಿದ. ಅಂಗಿ ಒದ್ದೆಯಾಯಿತು, ಬಿಳಿಯಾಗಿಯೇ ಉಳಿಯಿತು. ಮಗಳನ್ನು ಕರೆದು “ನೋಡವ್ವಾ, ಹತ್ತಿಲ್ಲ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಒಯ್ದು ಸಾವಕಾರ್ರಿಗೆ ತೋರ್ಸು. ನಾ ಹೇಳ್ದೆ ಅನಬ್ಯಾಡ, ನೀನ ತೋರ್ಸು” ಎಂದ.

“ಮಾಮಾ, ಅಜ್ಜ ಹೋಗಿ ಎರಡು ವರ್ಷ ಆತು.”

“ಹಂಗಾದ್ರ ಇನ್ನ ಯಾರಿಗೆ ತೋರ್ಸೂದವ್ವಾ” ಎಂದ. ಟಾವೆಲ್ಲನ್ನು ಮೊಣಕಾಲ ಮೇಲೆ ಹಾಸಿ, ನಮ್ಮ ಅಂಗಡಿಯಲ್ಲಿ ಮಡಚುತ್ತಿದ್ದ ಹಾಗೆಯೇ, ಕಲೆಗಳೆಲ್ಲ ಒಳಗೆ ಹೋಗುವಂತೆ ನಾಲ್ಕು ಮಡಿಕೆ ಹಾಕಿ ನನ್ನ ಕೈಗಿಟ್ಟ. ಈಗ ಅದು ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಅವನು ಹಾಕಿದ ಮಡಿಕೆಯನ್ನು ನಾನು ಬಿಚ್ಚಿಲ್ಲ.