ಸುಮ್ಮನೆ ನಿಂತು ನೋಡುವ ಪಾತ್ರ

ಜೆ.ಪಿ. ನಗರದ ಕಾಲೇಜೊಂದರಲ್ಲಿ ನಮ್ಮ ಸಿನಿಮಾ ಶೂಟಿಂಗ್. ನಾನು ಸಹಾಯಕ ನಿರ್ದೇಶಕ. ಪುಂಡ ಸೀನಿಯರ್ ಒಬ್ಬ ನಮ್ಮ ಹೀರೋ ಕಾಲರ್ ಹಿಡಿದು ಎಳೆದಾಡುವ ಸೀನು. ಗುಂಪಿಗೆಂದು ಕರೆಸಿದ್ದ ವಿದ್ಯಾರ್ಥಿಗಳಿಗೆ, "ಸುಮ್ನೆ ನೋಡ್ತಾ ನಿಂತ್ಕೊಳ್ಳಿ" ಅಂತಷ್ಟೇ ಹೇಳಿದ್ದೆ.

ಆಕ್ಷನ್ ಅಂದದ್ದೇ ತಡ, ಗುಂಪಿನಿಂದ ಒಬ್ಬಳು ಹುಡುಗಿ ನುಗ್ಗಿ ಬಂದು ಪುಂಡನ ಕೈ ಹಿಡಿದಳು. "ಬಿಡೋ ಅವನ್ನ!"

ನಿರ್ದೇಶಕರು ಕಟ್ ಅಂತ ಕಿರುಚಿದರು.

"ನೋಡ್ತಾ ನಿಂತ್ಕೋ ಅಂದಿದ್ನಲ್ಲಮ್ಮ?" ಅಂದೆ.

"ನೋಡಿದೆ ಸಾರ್. ನಾವು ಇಷ್ಟು ಜನ ಇದ್ದೀವಿ, ಆ ಪುಂಡ ಒಬ್ನೇ. ಯಾಕೆ ಯಾರೂ ಬಿಡಿಸಲ್ಲ?"

ನನಗೂ ಕುತೂಹಲ ಹುಟ್ಟಿ ಸ್ಕ್ರಿಪ್ಟ್ ತಿರುವಿ ಹಾಕಿದೆ. ಕ್ಲೈಮ್ಯಾಕ್ಸಿನಲ್ಲಿ ಹೀರೋ ಒಬ್ಬನೇ ಪುಂಡನನ್ನು ಎದುರಿಸುತ್ತಾನೆ ಅಂತಿತ್ತು. ಅಲ್ಲಿಯವರೆಗೆ ಉಳಿದವರು ಯಾಕೆ ಸುಮ್ಮನಿರುತ್ತಾರೆ ಅಂತ ಯಾರೂ ಬರೆದಿರಲಿಲ್ಲ.

ಅವಳನ್ನು ಹಿಂದಿನ ಸಾಲಿಗೆ ಕಳಿಸಿದೆ. ಏನ್ಮಾಡೋದು, ಮುಂದೆ ನಿಲ್ಲಿಸಿದ್ದರೆ ನಮ್ಮ ಎರಡೂವರೆ ಗಂಟೆಯ ಸಿನಿಮಾ ಅಲ್ಲೇ ಮುಗಿದುಹೋಗುತ್ತಿತ್ತು.