ಖಾಲಿ ಇರಬೇಕಿದ್ದ ತಟ್ಟೆ

ಲಕ್ಷ್ಮಿದೇವಿ ಕಳೆದ ಗುರುವಾರ ಬೆಳಿಗ್ಗೆ ಹುಣಸೂರು ಬಸ್ ನಿಲ್ದಾಣದಲ್ಲಿ ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಬಸ್ಸಿನಿಂದ ಇಳಿದು ಹತ್ತು ಹೆಜ್ಜೆಯೂ ನಡೆದಿರಲಿಲ್ಲ.

ಕಂಪಲಾಪುರದಿಂದ ಬಂದು, ಇಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಗಾಜು ತೊಳೆದರು. ಓದಿದ್ದು ಏಳನೇ ಕ್ಲಾಸು. ಆದರೂ ಬ್ಯಾಕ್ಟೀರಿಯಾದೊಳಕ್ಕೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಸೇರಿಸುವ ಕೆಲಸ ಅವರ ಕೈಗೆ ಒಲಿದಿತ್ತು. ಕೊಳವೆಗಳನ್ನು ಐಸಿನಲ್ಲಿ ಹೂತಿಟ್ಟು, ಬಿಸಿನೀರಿಗೆ ಇಳಿಸಿ, ನಲವತ್ತೈದು ಎಣಿಸಿ, ಮತ್ತೆ ಐಸಿಗೆ ಹಾಕುವರು. ಆ ಬಿಸಿಯ ಹೊಡೆತಕ್ಕೆ ಕೆಲವು ಬ್ಯಾಕ್ಟೀರಿಯಾ ಉಂಗುರವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೆರೆಸಿದ ತಟ್ಟೆಯ ಮೇಲೆ ಅವು ಮಾತ್ರ ಬದುಕುತ್ತವೆ. ತಟ್ಟೆಗೆ ಸುರಿಯುವ, ಆರಿದರೆ ಹೆಪ್ಪುಗಟ್ಟುವ ಅಗರ್ ಗಂಜಿ ತೀರ ಬಿಸಿಯಿದ್ದರೆ ಔಷಧಿಯೇ ಕೆಡುತ್ತದೆ. ಹದ ತಿಳಿಯಲು ಲಕ್ಷ್ಮಿದೇವಿ ಫ್ಲಾಸ್ಕನ್ನು ಅಂಗೈಗೆ ಒತ್ತಿ ನೋಡುತ್ತಿದ್ದರು. “ನಿಮ್ಮ ಕೈ ಇರೋವರ್ಗೂ ಥರ್ಮಾಮೀಟರ್ ದಂಡ ಕಣಮ್ಮ,” ಎನ್ನುತ್ತಿದ್ದರು ಮೇಷ್ಟ್ರು ಮೂರ್ತಿ.

ಸಕ್ಕರೆ ಕಾಯಿಲೆ ಆ ಕೈಯನ್ನು ಮರಗಟ್ಟಿಸುತ್ತಿತ್ತು. ಗುತ್ತಿಗೆಯ ನೌಕರಿ. ದಿನಾ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಗೂ ಹೇಳಿರಲಿಲ್ಲ.

ಎಚ್.ಡಿ. ಕೋಟೆಯ ವಿದ್ಯಾರ್ಥಿನಿ ಸೌಂದರ್ಯ ಶನಿವಾರ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಲಕ್ಷ್ಮಿದೇವಿ ತೀರಿಕೊಳ್ಳುವ ಹಿಂದಿನ ದಿನ, ಬುಧವಾರ ಬೆಳಿಗ್ಗೆ ತಟ್ಟೆ ತೆರೆದರೆ ಬ್ಯಾಕ್ಟೀರಿಯಾ ಒತ್ತೊತ್ತಾಗಿ ಬೆಳೆದಿತ್ತು.

“ಅಕ್ಕಾ, ಬಂದದೆ! ಅವ್ವಂಗೆ ಫೋನ್ ಮಾಡ್ಬುಡ್ತೀನಿ!”

“ತಡಿಯವ್ವ, ಏನ್ ಅವಸ್ರ, ಎರಿಗೆ ಆಗೈತಾ?” ಎನ್ನುತ್ತ ಲಕ್ಷ್ಮಿದೇವಿ ಇನ್ನೊಂದು ತಟ್ಟೆ ತೆಗೆದರು. ಉಂಗುರ ಹಾಕದ ಬ್ಯಾಕ್ಟೀರಿಯಾ ಸವರಿದ್ದ ತಟ್ಟೆ ಅದು. ಖಾಲಿ ಇರಬೇಕಿತ್ತು. ಅಲ್ಲೂ ಅಷ್ಟೇ ಒತ್ತಾಗಿ ಬೆಳೆದಿತ್ತು.

ಸೌಂದರ್ಯ ಇನ್ನೂ ನೋಡಿರಲಿಲ್ಲ. ಕೈಜಾರಿ ಬಿತ್ತು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಲಕ್ಷ್ಮಿದೇವಿ ಅದನ್ನು ಒಯ್ದು ಮೂರ್ತಿಯವರ ಮೇಜಿನ ಮೇಲಿಟ್ಟರು.

“ಔಸ್ದಿ ಸತ್ತೋಗದೆ ಸಾ. ಬಿಸಿ ಅಗರ್‌ಗೆ ಆಕ್ಬುಟ್ಟಿವ್ನಿ. ನನ್ ಕೈಗೆ ಬಿಸಿ ಗೊತ್ತಾಗಾಕಿಲ್ಲ.”

“ಯಾವಾಗಿಂದ?”

“ವರ್ಸ ಆಯ್ತು.”

ಮೂರ್ತಿ ತಲೆ ತಗ್ಗಿಸಿದರು. “ಇದನ್ನ ನಾನು ಪ್ರಿನ್ಸಿಪಾಲರಿಗೆ ಹೇಳ್ಬೇಕಾಗ್ತದೆ.”

“ಏಳಿ ಸಾ, ಅವ್ರಿಗೂ ಗೊತ್ತಾಗ್ಲಿ.”

“ಶನಿವಾರ ನಾನೇನ್ ಕೊಡ್ಲಿ ಲಕ್ಷ್ಮಕ್ಕ?” ಸೌಂದರ್ಯಳ ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು.

“ಇವತ್ತೇ ಮತ್ತೆ ಮಾಡವ. ನಾಳೀಕೆ ಗೊತ್ತಾಯ್ತದೆ.”

ಮಧ್ಯಾಹ್ನ ಅಗರ್ ಕುದಿಸಿ ಇಳಿಸಿದ ಮೇಲೆ ಲಕ್ಷ್ಮಿದೇವಿ ಫ್ಲಾಸ್ಕನ್ನು ತಾವು ಮುಟ್ಟಲಿಲ್ಲ. ಸೌಂದರ್ಯಳ ಅಂಗೈ ಹಿಡಿದು ಅದಕ್ಕೆ ತಾಗಿಸಿದರು.

“ಸುಡ್ತದಾ?”

“ಸುಡ್ತದೆ.”

“ಕಾಯವ.”

ಮೂರನೇ ಸಲಕ್ಕೆ ಸೌಂದರ್ಯ ಕೈ ತೆಗೆಯಲಿಲ್ಲ. “ಬೆಚ್ಚಗದೆ ಅಕ್ಕ.”

“ಈಗ ಆಕು ಔಸ್ದಿಯ.”

ಸಂಜೆ ಬಸ್ಸಿಗೆ ಹೊರಡುವ ಮುನ್ನ, ಹೊಸದಾಗಿ ಸವರಿದ, ಖಾಲಿ ಇರಬೇಕಾದ ತಟ್ಟೆಯನ್ನು ಬ್ಯಾಕ್ಟೀರಿಯಾ ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರಿನಲ್ಲಿ ಎಲ್ಲಕ್ಕಿಂತ ಮುಂದೆ, ಬಾಗಿಲು ತೆಗೆದೊಡನೆ ಕಾಣುವಂತೆ ಇಟ್ಟರು.